ಜವರೇಗೌಡರ ಲೆಗ್ ಪೀಸ್

ನಿವೃತ್ತ ಇನ್‌ಸ್ಪೆಕ್ಟರ್ ಜವರೇಗೌಡರ ರಕ್ತದಲ್ಲಿ ಕೊಬ್ಬು ಹೆಚ್ಚಾಗಿತ್ತು. ಕೋಳಿ ತಿನ್ನುವುದಾದರೆ ಚರ್ಮ ತೆಗೆದ ಎದೆಯ ಭಾಗ ಮಾತ್ರ ಎಂದರು ಡಾಕ್ಟರು. "ಬೇರೆ ತುಂಡು ಬಡಿಸಿದರೆ ನಿನಗೆ ಕೆಲಸವಿಲ್ಲ" ಎಂದು ಗೌಡರ ಹೆಂಡತಿ ಅಡಿಗೆಯವಳಿಗೆ ತಾಕೀತು ಮಾಡಿದರು.

ಹೆಂಡತಿ ಅತ್ತ ಹೋದ ಕೂಡಲೇ ಗೌಡರು ಅಡಿಗೆಮನೆಗೆ ಬಂದರು. "ಎದೆ ಮಾಂಸ ಬರೀ ಹತ್ತಿ. ನನ್ ತಟ್ಟೇಲಿ ಲೆಗ್ ಪೀಸ್ ಇಲ್ದಿದ್ರೆ ನಾಳೆಯಿಂದ ಬರಬೇಡ."

"ಆಯ್ತು ಸ್ವಾಮಿ."

ಅವಳು ಕಾಲಿನ ಮೂಳೆಯಿಂದ ಮಾಂಸವನ್ನೆಲ್ಲ ಬಿಡಿಸಿದಳು. ಎದೆಯ ಮಾಂಸವನ್ನು ಕೊಚ್ಚಿ, ಮೆಣಸು, ಬೆಳ್ಳುಳ್ಳಿ ಬೆರೆಸಿ, ಆ ಮೂಳೆಗೆ ಮೆತ್ತಿ ಕಾವಲಿಯ ಮೇಲೆ ಬೇಯಿಸಿದಳು.

ಗೌಡರು ಮೂಳೆ ಹಿಡಿದು ಕಚ್ಚಿದರು. "ಕಾಲು ಅಂದ್ರೆ ಇದು. ಎಷ್ಟು ಮೆತ್ತಗಿದೆ ನೋಡೇ."

ಹೆಂಡತಿ ಸಿಟ್ಟಿನಿಂದ ಅಡಿಗೆಮನೆಗೆ ನುಗ್ಗಿದರು. ವಿಷಯ ಕೇಳಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಹಾಗಾದರೆ ಕಾಲಿನ ಮಾಂಸ ಎಲ್ಲೇ?"

"ನಿಮ್ಮ ಸಾರಲ್ಲೈತೆ ಅಮ್ಮಾರೆ. ಡಾಕ್ಟ್ರು ನಿಮಗೇನೂ ಹೇಳಿಲ್ವಲ್ಲ."

ಮುಂದಿನ ತಪಾಸಣೆಯಲ್ಲಿ ಕೊಬ್ಬು ಇಳಿದಿತ್ತು. ಡಾಕ್ಟರು ತಲೆದೂಗಿದರು. ಗೌಡರು ಮೀಸೆ ತಿರುವಿದರು.

"ನಿಮ್ಮ ಮಾತು ಕೇಳಿದ್ರೆ ಇಳೀತಿತ್ತಾ ಡಾಕ್ಟ್ರೇ? ನಾನು ತಿಂದಿದ್ದೆಲ್ಲ ಲೆಗ್ ಪೀಸೇ. ಇನ್ಮೇಲೆ ಬೇರೆಯವ್ರಿಗೂ ಅದನ್ನೇ ಬರೆದುಕೊಡಿ."