ಒಂದು ಕೊಟ್ಟು ಎರಡು ಮುಟ್ಟಿಸಿದ ಅಲೆಪೆಟ್ಟಿಗೆ

“ಕದಿರುಪುರದಲ್ಲಿ ಕಿವಿಯುಳ್ಳವರೆಲ್ಲ ಕೇಳಬೇಕು! ಅರಸು ಬಿಜ್ಜರಾಯರ ಅಪ್ಪಣೆ. ರಾಜಕುಮಾರಿ ಪದ್ಮಲೆ ಹಾಕುವ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ. ಒಂದು ತಪ್ಪಿದರೂ ಗಲ್ಲು!”

ಡಂಗುರದವನು ಇಷ್ಟೇ ಸಾರಿದ. ಹಿಂದಿನ ಸಂಗತಿಯನ್ನೂ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಪದ್ಮಲೆಗೆ ಹುಟ್ಟಿನಿಂದ ಕಿವಿ ಮಂದ. ಯಂತ್ರವಿಲ್ಲದಾಗ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಅವಳಿಗೆ ಮೂರು ಕಿವಿಯಂತ್ರಗಳಿದ್ದವು. ಅವು ಕೆಟ್ಟರೆ ಪರೀಕ್ಷಿಸಲು ಅರಮನೆಯಲ್ಲಿ ಒಂದು ಮೇಜು, ಅದರ ಮೇಲೊಂದು ಅಲೆಪೆಟ್ಟಿಗೆ. ಅಲೆಪೆಟ್ಟಿಗೆ ಎಂದರೆ ಫಂಕ್ಷನ್ ಜನರೇಟರ್. ಬೇಕಾದ ಎತ್ತರದ, ಬೇಕಾದ ವೇಗದ ವಿದ್ಯುತ್ತಿನ ಅಲೆಯನ್ನು ಹುಟ್ಟಿಸುವ ಯಂತ್ರ. ಪಕ್ಕದಲ್ಲಿ ಅಲೆಗನ್ನಡಿ, ಅಂದರೆ ಆ ಅಲೆಯನ್ನು ಗೆರೆಯಾಗಿ ತೋರಿಸುವ ಯಂತ್ರ.

ಆ ವರ್ಷ ಮೇಜಿಗೆ ಕೇಡುಗಾಲ ಬಂತು. ಮೊದಲು ಅಲೆಪೆಟ್ಟಿಗೆಯ ಮೈ ಮುಟ್ಟಿದ ಕೆಲಸಗಾರನೊಬ್ಬ ನಿಂತಲ್ಲೇ ಸತ್ತ. ಆಮೇಲೆ ಒಂದು ಕಿವಿಯಂತ್ರ ಸುಟ್ಟುಹೋಯಿತು. ಎರಡನೆಯದು ಆ ಮೇಜಿನ ಇನ್ನೊಬ್ಬ ಕೆಲಸಗಾರ ಮೌಲಾಸಾಬನ ಕೈಯಲ್ಲಿ ಸುಟ್ಟುಹೋಯಿತು. ಯಂತ್ರ ತಾಳುವುದು ಒಂದೂವರೆ ವೋಲ್ಟ್. “ನಾನು ಕೊಟ್ಟದ್ದು ಒಂದೇ” ಎಂದು ಮೌಲಾ ಹೇಳಿದ. ಅರಸ ನಂಬಲಿಲ್ಲ. ಸುಟ್ಟದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ ಶುಕ್ರವಾರ ಗಲ್ಲು ಎಂದು ತೀರ್ಪು ಕೊಟ್ಟ.

ಈ ಮೂರು ಕೇಡುಗಳನ್ನೇ ಪದ್ಮಲೆ ಮೂರು ಒಗಟು ಮಾಡಿದಳು. ಇವನ್ನು ಬಿಡಿಸಿದವನು ಮಾತ್ರ, ಕೆಟ್ಟು ನಿಂತಿದ್ದ ಉಳಿದೊಂದು ಯಂತ್ರವನ್ನು ಮುಟ್ಟಬೇಕು ಎಂಬುದು ಅವಳ ಹಠ. ಗಲ್ಲಿನ ಮಾತು ಅಪ್ಪನದು.

ಗುರುವಾರ ಸಭೆ ಸೇರಿತು. ಮೂವರು ಬಂದರು: ದಂಡನಾಯಕ ಭೈರಣ್ಣ, ಅರಮನೆಯ ಜೋಯಿಸರು, ಮತ್ತು ಮೌಲಾನ ತಮ್ಮ ದಾವಲ. ದಾವಲ ಪಾತ್ರೆಗಳಿಗೆ ಕಲಾಯಿ ಹಾಕುವವನು. ಅವನ ಅಂಗಿಯಿಂದ ಕಲಾಯಿಗೆ ಬಳಸುವ ನವಸಾಗರದ ವಾಸನೆ ಬರುತ್ತಿತ್ತು.

“ಏನೋ ಸಾಬಣ್ಣ, ಒಗಟಿಗೂ ಕಲಾಯಿ ಹಾಕ್ತೀಯಾ?” ಎಂದು ಭೈರಣ್ಣ ನಕ್ಕ.

“ತೂತು ಇದ್ರ ಮೊದಲು ಬೆಸಿಗಿ ಹಾಕ್ತೀವ್ರಿ, ಆಮ್ಯಾಗ ಕಲಾಯಿ” ಎಂದ ದಾವಲ.

ಪದ್ಮಲೆ ಮೊದಲ ಒಗಟು ಹಾಕಿದಳು: “ಮೂವರು ಅಣ್ಣತಮ್ಮಂದಿರು ಒಟ್ಟಿಗೆ ಗೋಡೆಯೊಳಗೆ ಹೋಗುತ್ತಾರೆ. ಇಬ್ಬರು ದುಡಿಯುತ್ತಾರೆ, ಮೂರನೆಯವನು ಸುಮ್ಮನೆ ನಿಲ್ಲುತ್ತಾನೆ. ಅವನನ್ನು ಹೊರಹಾಕಿದ ಮೇಲೆ ಮನೆಯಲ್ಲಿ ಹೆಣ ಬಿತ್ತು. ಅವನು ಯಾರು?”

“ಮೂರನೆಯವನು ಸೋಮಾರಿ ಕಾವಲುಗಾರ!” ಎಂದ ಭೈರಣ್ಣ. ಪದ್ಮಲೆ ಅಲ್ಲವೆಂದು ತಲೆಯಾಡಿಸಿದಳು. ಆಳುಗಳು ಅವನನ್ನು ಸೆರೆಗೆ ಎಳೆದೊಯ್ದರು.

ಜೋಯಿಸರು ಎದ್ದರು. “ಮೂರನೆಯವನೇ ಅಪಶಕುನ, ತಾಯಿ. ಮೂವರು ಕೂಡಿ ಹೊರಟರೆ ಕೆಲಸ ಕೆಡುತ್ತದೆ ಎಂದು ಹಿರಿಯರೇ ಹೇಳಿಲ್ಲವೇ? ಅದಕ್ಕೇ ಆಯುಧಪೂಜೆಯ ದಿನ ಅಲೆಪೆಟ್ಟಿಗೆಯ ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ನಾನೇ ತೆಗೆಸಿದೆ. ಹೆಣಕ್ಕೆ ಕಾರಣ ಬೇರೆ.”

“ಅದೇ ಕಾರಣ” ಎಂದಳು ಪದ್ಮಲೆ. ಇದನ್ನು ಅವಳು ಮೊದಲೇ ಅಪ್ಪನಿಗೆ ಹೇಳಿದ್ದಳು. ಅಪ್ಪ ಜೋಯಿಸರ ಮಾತನ್ನೇ ಕೇಳಿದ್ದ. ಜೋಯಿಸರೂ ಸೆರೆಗೆ ಹೋದರು.

ಆದರೂ ಉತ್ತರ ಪೂರ್ತಿಯಾಗಿರಲಿಲ್ಲ. ದಾವಲ ಹೇಳಿದ: “ಆ ಕಡ್ಡಿ ನೆಲದ ಕಡ್ಡಿ, ತಾಯಿ. ಪೆಟ್ಟಿಗಿ ಮೈಗೆ ಕರೆಂಟು ಬಂದ್ರ ಅದು ನೆಲಕ್ಕ ಇಳಸ್ತದ. ಅದಿಲ್ಲಾಂದ್ರ ಮುಟ್ಟಿದವನ ಮೈಯಾಗಿಂದ ಇಳೀತದ. ಅಣ್ಣ ಊಟಕ್ಕ ಕುಂತಾಗೆಲ್ಲ ಮೇಜಿನ ಮಾತೇ ಹೇಳ್ತಿದ್ದ.”

“ಸರಿ” ಎಂದು ಪದ್ಮಲೆ ಎರಡನೆಯದನ್ನು ಹಾಕಿದಳು: “ಉಯ್ಯಾಲೆಯ ಜೀಕು ಮೂರೇ ಮೊಳ, ತೊಲೆ ನಾಲ್ಕು ಮೊಳ ಮೇಲಿದೆ. ಆದರೂ ಕೂತವನ ತಲೆ ತೊಲೆಗೆ ಬಡಿಯಿತು. ಹೇಗೆ?”

“ಉಯ್ಯಾಲಿನೇ ಮ್ಯಾಲೆ ಕಟ್ಟಿದ್ರು. ಪೆಟ್ಟಿಗ್ಯಾಗ ಜೀಕಿನ ಗುಂಡಿ, ಅಂದ್ರ ಅಲೆ ಎತ್ತರದ್ದು, ನೋಡಿದ್ರು, ಅಲೆಯನ್ನ ಇದ್ದಲ್ಲಿಂದ ಮ್ಯಾಲೆತ್ತೋ ಆಫ್‌ಸೆಟ್ ಗುಂಡಿ ಸೊನ್ನಿಗೆ ತರಲಿಲ್ಲ. ಮೊದಲನೇ ಕಿವಿಯಂತ್ರ ಹಂಗ ಸುಟ್ಟದ್ದು.”

ಪದ್ಮಲೆಯ ದನಿ ತಗ್ಗಿತು. ಮೂರನೆಯದಕ್ಕೆ ಉತ್ತರ ಅವಳಿಗೂ ಗೊತ್ತಿರಲಿಲ್ಲ. “ಕೊಟ್ಟವನು ಒಂದು ಕೊಟ್ಟೆ ಎನ್ನುತ್ತಾನೆ. ಪಡೆದವನ ಕೈಯಲ್ಲಿ ಎರಡು. ಇಬ್ಬರೂ ಸುಳ್ಳು ಹೇಳಿಲ್ಲ. ಹೇಗೆ? ಮೇಜೇ ತೀರ್ಪು ಕೊಡಲಿ.”

ಇದು ಅಣ್ಣನ ಕುತ್ತಿಗೆಯ ಒಗಟು. ಅಣ್ಣ ಇದನ್ನೆಂದೂ ಹೇಳಿರಲಿಲ್ಲ. ದಾವಲ ಮೇಜಿನ ಬಳಿ ಹೋದ. ಮೊದಲು ಮೂರು ಕಡ್ಡಿಯ ಹೊಸ ಪ್ಲಗ್ಗು ಹಾಕಿಸಿದ. ಅದಿಲ್ಲದೆ ಮುಟ್ಟಲಾರೆ ಎಂದ. ಅಲೆ ಹೊರಬರುವ ಬಾಯಿಯ ಪಕ್ಕದಲ್ಲಿ ಸಣ್ಣದಾಗಿ ‘೫೦ ಓಮ್’ ಎಂದು ತಡೆಯ ಅಳತೆ ಕೊರೆದಿತ್ತು. ಅದನ್ನೇ ನೋಡುತ್ತ ಬಹಳ ಹೊತ್ತು ನಿಂತ. ಅರಸ ಆಳುಗಳಿಗೆ ಕಣ್ಸನ್ನೆ ಮಾಡಿದ.

“ತಡೀರಿ! ಒಲಿಗೆ ಗಾಳಿ ಊದೋ ತಿದಿ ನೋಡೀರೇನು?” ಎಂದ ದಾವಲ. “ಕೊಳವಿ ಮುಂದ ಇದ್ದಲಿ ಸಂದಿನ್ಯಾಗ ಗಾಳಿ ಹರಿದ್ರ ಅರ್ಧ ಬಲ ಕೊಳವ್ಯಾಗ ಕಳೀತದ, ಅರ್ಧ ಒಲಿಗೆ. ಕೊಳವಿ ಬಾಯಿ ಮುಚ್ಚಿ ಗಾಳಿ ಹರೀದಿದ್ರ ಏನೂ ಕಳೆಯೋದಿಲ್ಲ, ಬಲ ಪೂರಾ ಬಾಯಿಗೇ ಬಂದು ಒತ್ತತದ. ಈ ಪೆಟ್ಟಿಗಿ ಒಳಗೂ ಐವತ್ತು ಓಮಿನ ಕೊಳವಿ ಅದ. ಎದುರಿಗೂ ಐವತ್ತು ಇರ್ತದಂತ ನಂಬಿ ಅದು ಎರಡು ಹುಟ್ಟಿಸಿ ‘ಒಂದು’ ಅಂತದ. ಕಿವಿಯಂತ್ರ ಕರೆಂಟು ಎಳಕೊಳ್ಳೋದು ಏನೇನೂ ಇಲ್ಲ. ಅದಕ್ಕ ಎರಡೂ ಅದಕ್ಕೇ ಮುಟ್ಟಿದ್ವು.”

ಅಲೆ ಹೊರಬರುವ ಗುಂಡಿ ಆರಿಸಿಟ್ಟು, ಆಫ್‌ಸೆಟ್ ಸೊನ್ನೆಗೆ ತಂದು, ತಂತಿಯನ್ನು ಅಲೆಗನ್ನಡಿಗೆ ಜೋಡಿಸಿದ. ಆಮೇಲೆ ಗುಂಡಿ ಒತ್ತಿದ. ಪೆಟ್ಟಿಗೆಯ ಮೇಲೆ ಒಂದು, ಕನ್ನಡಿಯಲ್ಲಿ ಎರಡು. ಐವತ್ತು ಓಮಿನ ತಡೆಯ ತುಂಡೊಂದನ್ನು ತಂತಿಯ ತುದಿಗೆ ಸೇರಿಸಿದ. ಕನ್ನಡಿಯಲ್ಲಿ ಒಂದೇ ಉಳಿಯಿತು.

ದಾವಲ ಕೊನೆಯ ಕಿವಿಯಂತ್ರಕ್ಕೆ ಕಾಲು ವೋಲ್ಟಿನಷ್ಟು ಅಲೆ ಹಾಯಿಸಿ, ಬಿಟ್ಟುಹೋದ ಬೆಸುಗೆ ಹುಡುಕಿ ಹಾಕಿಕೊಟ್ಟ. ಪದ್ಮಲೆ ತೊಟ್ಟಳು. “ಕೇಳಿಸುತ್ತಿದೆ” ಎಂದಳು.

“ಏನು ಬೇಕು?” ಎಂದ ಅರಸ.

“ಸೆರೆಮನಿ ಬಾಗಿಲ ತಗೀರಿ. ಒಳಗಿರೋ ಮೂವರೂ ಹೊರಗ ಬರಲಿ. ಜೋಯಿಸರು ಸತ್ತವನ ಹೆಂಡ್ತಿ ಮುಂದ ಹೋಗಿ ನಿಲ್ಲಲಿ.”

ಬಾಗಿಲು ತೆರೆಯಿತು. ಭೈರಣ್ಣ ಓಡಿಬಂದ, ಜೋಯಿಸರು ತಲೆ ತಗ್ಗಿಸಿ ಬಂದರು. ಮೌಲಾ ಮಾತ್ರ ಸಭೆಯ ಹೊಸಿಲಲ್ಲೇ ನಿಂತ.

“ಬಾ, ನಿನ್ನನ್ನು ಕ್ಷಮಿಸಿದ್ದೇನೆ” ಎಂದ ಅರಸ.

“ಯಾವುದಕ್ಕ, ಧಣಿ?” ಎಂದ ಮೌಲಾ. “ಕನ್ನಡ್ಯಾಗ ನೋಡದ ಜೋಡಿಸಿದ್ದು ನನ್ನ ತಪ್ಪು. ಅದಕ್ಕಾದ್ರ ಕ್ಷಮೆ ತಗೋತೀನಿ. ಸುಳ್ಳಿಗಾದ್ರ ಬ್ಯಾಡ. ನಾನು ಸುಳ್ಳು ಹೇಳಿಲ್ಲ.”

ದಾವಲ ಅಣ್ಣನ ಕೈ ಹಿಡಿದು ಎಳೆದ. ಮೌಲಾ ಕದಲಲಿಲ್ಲ. ಅರಸ ಸಭೆಯತ್ತ ನೋಡಿದ, ಮಗಳತ್ತ ನೋಡಿದ. ಆಮೇಲೆ ತಾನೇ ಸಿಂಹಾಸನದಿಂದಿಳಿದು ಬಾಗಿಲ ತನಕ ನಡೆದುಬಂದ.

“ನೀನು ಸುಳ್ಳು ಹೇಳಿಲ್ಲ” ಎಂದ, ಎಲ್ಲರಿಗೂ ಕೇಳುವ ಹಾಗೆ.

ಆಗ ಮೌಲಾ ಹೊಸಿಲು ದಾಟಿದ.