ಹೆಪ್ಪಿನ ಬಟ್ಟಲು

ಹೊಳೆಯ ದಂಡೆಯಲ್ಲಿ ಗುರುಪಾದಜ್ಜನ ಮಠವಿತ್ತು. ಬಂದವರು ಅಜ್ಜನ ಬಾಯಿಂದ ಒಂದು ಮಾತು ಕೇಳಿ, ಒಂದು ಚಮಚ ಹೆಪ್ಪು ಇಸಿದುಕೊಂಡು ಮನೆಗೆ ಹೋಗುತ್ತಿದ್ದರು. ಮಾತು ಅರ್ಥವಾಗದವರೂ ಹೆಪ್ಪನ್ನು ಮರೆಯುತ್ತಿರಲಿಲ್ಲ.

ಅಜ್ಜನ ಗುರುಗಳ ಕಾಲದಿಂದ ಒಂದು ದಿನವೂ ತಪ್ಪದೆ ನಡೆದುಬಂದ ಹೆಪ್ಪು ಅದು. ಪುಟ್ಟದೊಂದು ಕಲ್ಲಿನ ಬಟ್ಟಲಲ್ಲಿ ಇರುತ್ತಿತ್ತು.

ಶಿಷ್ಯ ಅಡಿವೆಪ್ಪನಿಗೆ ಮಾತಿನ ಮೇಲೇ ಪ್ರೀತಿ. ಅದರಲ್ಲೂ ಅಜ್ಜನ ಒಂದು ಮಾತು ಅವನ ತಲೆಗೇರಿ ಕೂತಿತ್ತು.

"ಹಾಲಿನಾಗ ಮೊಸರು ಐತಿ. ಹೊರಗ ಹುಡುಕಬ್ಯಾಡ."

ಒಂದು ಮುಂಜಾನೆ ಅವನು ಗಂಟು ಕಟ್ಟಿಕೊಂಡು ಬಂದು ನಿಂತ. ಕೂಗಳತೆಯ ದೂರದಲ್ಲಿ ಭಕ್ತರೊಬ್ಬರು ಅವನಿಗೆಂದೇ ಕುಟೀರ ಕಟ್ಟಿಸಿದ್ದರು. ಕರೆಂಟು ಹಾಕಿಸಿ, ಮೊಸರು ಮಾಡುವ ಮಷೀನನ್ನೂ ತಂದಿಟ್ಟಿದ್ದರು.

"ಎಲ್ಲಾ ನನ್ನೊಳಗ ಐತಿ ಅಂದಮ್ಯಾಲ ಗುರು ಯಾಕ ಬೇಕ್ರಿ, ಅಜ್ಜಾರ? ನಾ ಹೊಂಟೆ."

ಇಷ್ಟು ವರ್ಷ ಅನ್ನ ಹಾಕಿದವರ ಎದುರು ಹೀಗೆ ಹೇಳುವುದಕ್ಕೂ ಎದೆ ಬೇಕು ಬಿಡಿ. ಅಜ್ಜ ಮುಖ ಕೆಡಿಸಿಕೊಳ್ಳಲಿಲ್ಲ.

"ಚಲೋ ಆತು. ಹೆಪ್ಪು ಒಯ್ಯಿ."

"ಬ್ಯಾಡ್ರಿ. ಮಷೀನ್ ಐತಿ."

ಮರುದಿನ ಕುಟೀರದಲ್ಲಿ ಅವನ ಮೊದಲ ಪ್ರವಚನ, ಮೊದಲ ಊಟ. ಅದು ಸುಸೂತ್ರವಾಗಿ ನಡೆದರೆ ಜನ ಅವನನ್ನೂ ಗುರು ಎನ್ನುತ್ತಾರೆ. ಕೆಟ್ಟರೆ ಆಡಿಕೊಳ್ಳುತ್ತಾರೆ. ಅಡಿವೆಪ್ಪ ಹಿಂದಿನ ರಾತ್ರಿಯೇ ಹಾಲು ಕಾಯಿಸಿ, ಆರಿಸಿ, ಮಷೀನಿನ ಗಾಜಿನ ಬಟ್ಟಲುಗಳಿಗೆ ಸುರಿದ. ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು.

ಪ್ರವಚನ ಚೆನ್ನಾಗಿಯೇ ಆಯಿತು. ಪಂಕ್ತಿ ಕೂತಿತು. ಕೊನೆಯ ಅನ್ನ ಬಡಿಸಿ, ಎಲ್ಲರ ಎದುರು ಮಷೀನಿನ ಮುಚ್ಚಳ ತೆಗೆದು ಒಂದು ಬಟ್ಟಲನ್ನು ಪಂಕ್ತಿಯ ಮೊದಲಿಗೆ ಕೂತಿದ್ದ ಗಂಗವ್ವನ ಎಲೆಗೆ ಬಗ್ಗಿಸಿದ.

ಹಾಲು ಎಲೆಯ ತುಂಬ ಹರಿಯಿತು. ಕೆಟ್ಟ ವಾಸನೆ ಬಂತು.

ಅಡಿವೆಪ್ಪ ಬಟ್ಟಲೊಳಗೆ ಇಣುಕಿ ನೋಡಿದ. ಇನ್ನೊಂದು ಬಟ್ಟಲು ಬಗ್ಗಿಸಿದ. ಅದೂ ಹಾಲೇ.

"ಹೆಪ್ಪು ಎಷ್ಟು ಹಾಕಿದ್ರಿ ಸ್ವಾಮೇರ?" ಗಂಗವ್ವ ಕೇಳಿದಳು.

"ಹಾಕಿಲ್ಲ. ಹಾಲಿನಾಗ ಮೊಸರು ಇರತೈತಲ್ಲ!"

ಗಂಗವ್ವ ಎತ್ತಿದ ಕೈ ಹಾಗೇ ನಿಂತಿತು. ಪಂಕ್ತಿಗೆ ಪಂಕ್ತಿಯೇ ಅವನನ್ನು ನೋಡಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಅವನು ಬದುಕುತ್ತಿದ್ದ.

ಜನ ಚದುರಿದ ಮೇಲೆ ಅವನು ಮಷೀನನ್ನು ಕಂಕುಳಲ್ಲಿ ಇರುಕಿಕೊಂಡು ಮಠಕ್ಕೆ ಬಂದ. ಮುಖ ಕೆಂಪಗಾಗಿತ್ತು.

"ನೀವು ಸುಳ್ಳು ಹೇಳಿದ್ರಿ!"

ಅಂದವನೇ ಬೆಚ್ಚಿದ. ಗುರುವಿಗೆ ಇಂಥ ಮಾತಾಡುವ ನಾಲಿಗೆ ತನ್ನ ಬಾಯಲ್ಲಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಅಜ್ಜ ಕೂತಲ್ಲೇ ಮಷೀನನ್ನು ತಿರುಗಿಸಿ ನೋಡಿದ.

"ಡಬ್ಬಿ ಚಲೋ ಐತಿ."

"ಹಾಲಿನಾಗ ಮೊಸರು ಐತೋ ಇಲ್ಲೋ, ಅದನ್ನ ಹೇಳ್ರಿ."

"ಐತಿ."

"ಮತ್ತ ಯಾಕ ಆಗಲಿಲ್ಲ?"

"ಬಟ್ಟಲಾ ತೊಳಕೊಂಡು ಬಾ."

ಅಡಿವೆಪ್ಪ ಗಾಜಿನ ಬಟ್ಟಲುಗಳನ್ನು ತೊಳೆದು ತಂದ. ಅಷ್ಟರಲ್ಲಿ ಅಜ್ಜ ಹಾಲು ಕಾಯಿಸಿ ಇಳಿಸಿದ್ದ. ಬೆರಳಿಟ್ಟು ನೋಡಿದ, ಕಾದ, ಮತ್ತೆ ಬೆರಳಿಟ್ಟ. ಆಮೇಲೆ ಕಲ್ಲಿನ ಬಟ್ಟಲನ್ನು ಹತ್ತಿರ ಎಳೆದುಕೊಂಡ. ಊರವರು ಒಯ್ದು ಒಂದೇ ಒಂದು ಚಮಚ ಹೆಪ್ಪು ಉಳಿದಿತ್ತು. ಅದು ನಾಳೆಗೆಂದು ಉಳಿಸಿದ್ದ ಮಠದ ಪಾಲು.

ಅಜ್ಜ ಅದನ್ನು ಪೂರಾ ಹಾಲಿಗೆ ಸುರಿದ. ತಳಕ್ಕೆ ಅಂಟಿದ್ದನ್ನೂ ಬೆರಳಿನಿಂದ ಬಳಿದು ಹಾಕಿದ.

"ಅಜ್ಜಾರ!"

ಅಜ್ಜ ಹಾಲು ಕಲಕಿ ಗಾಜಿನ ಬಟ್ಟಲುಗಳಿಗೆ ತುಂಬಿದ. ಕಲ್ಲಿನ ಬಟ್ಟಲಿಗೆ ನೀರು ಹಾಕಿ ತೊಳೆದ. ತೊಳೆದು ಬೋರಲು ಹಾಕಿದ.

ಅಡಿವೆಪ್ಪ ಒಂದು ಹೆಜ್ಜೆ ಮುಂದೆ ಬಂದ. ಆ ಬಟ್ಟಲನ್ನು ಬರಿದಾಗಿ ಅವನು ಯಾವತ್ತೂ ಕಂಡಿರಲಿಲ್ಲ. ಅಜ್ಜನೂ ಕಂಡಿರಲಿಕ್ಕಿಲ್ಲ.

"ಏನ್ ಮಾಡಿದ್ರಿ ಇದು? ನಿಮ್ಮ ಗುರುಗಳು ಕೊಟ್ಟ ಹೆಪ್ಪು! ಒಂದು ಹನಿನೂ ಉಳಿಸಲಿಲ್ಲಲ್ರಿ!"

"ಒಯ್ಯಿ. ದಾರ್ಯಾಗ ಅಲುಗಾಡಿಸಬ್ಯಾಡ."

"ನಾ ಹೋಗಂಗಿಲ್ರಿ. ಇಲ್ಲೇ ಕರೆಂಟಿಗೆ ಹಚ್ಚತೇನಿ. ಇಲ್ಲೇ ನಿಮ್ಮ ಕಾಲ ಹತ್ರ ಬಿದ್ದಿರತೇನಿ."

"ಈ ಮಠದಾಗ ಕರೆಂಟ್ ಎಲ್ಲೈತಿ?"

ಅದೂ ನಿಜವೇ. ಅಡಿವೆಪ್ಪನ ಕಣ್ಣಲ್ಲಿ ನೀರು ಬಂತು.

"ನನ್ನ ಕೈಯಾಗ ಇದೂ ಕೆಟ್ಟು ಹೋದ್ರ?"

ಅಜ್ಜ ಮಷೀನಿನ ಮುಚ್ಚಳ ಹಾಕಿ, ಎತ್ತಿ ಅವನ ಕೈಗಿಟ್ಟ. ಅಡಿವೆಪ್ಪ ಅದನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋಗಿ ತಿರುಗಿ ನಿಂತ.

"ಮಠಕ್ಕ ಇನ್ನ ಹೆಪ್ಪು ಎಲ್ಲಿಂದ ಬರಬೇಕ್ರಿ ಅಜ್ಜಾರ?"

ಅಜ್ಜ ಬೋರಲು ಹಾಕಿದ್ದ ಬಟ್ಟಲನ್ನು ಎತ್ತಿ ಪಂಚೆಯಂಚಿನಿಂದ ಒರೆಸಿದ.

"ನಾಳೆ ಇದನ್ನ ಹಿಡಕೊಂಡು ನಿನ್ನ ಬಾಗಿಲಿಗೆ ಬರತೇನಿ. ಇಲ್ಲ ಅನಬ್ಯಾಡಪಾ."