ನಾಲ್ಕು ಹೆಗಲಿನ ಜನರೇಟರ್

ಹೊಳೆಯ ದಂಡೆಗೆ ಒಂದು ಮಠ. ಆನೆ ಇಲ್ಲ, ಬೆಳ್ಳಿಯ ಪಲ್ಲಕ್ಕಿ ಇಲ್ಲ. ಇದ್ದದ್ದು ಒಂದು ಜನರೇಟರ್, ಅದನ್ನು ಹೊತ್ತು ತಿರುಗುವ ಒಂದು ಹಳೆಯ ಲಾರಿ.

ಗಾಳಿಗೆ ಕಂಬ ಬಿದ್ದು ಕರೆಂಟು ಹೋಯಿತೆಂದರೆ ಸುತ್ತಿನ ಊರಿನವರು ಮಠಕ್ಕೆ ಬರುತ್ತಿದ್ದರು. ಮಠದ ಸ್ವಾಮಿಗಳು ಗದಿಗೆಯ್ಯಜ್ಜಾರು ಒಬ್ಬರಿಗೂ ಇಲ್ಲ ಅಂದವರಲ್ಲ. ತಾವೂ ಲಾರಿ ಹತ್ತಿ ಹೊರಡುವರು. ಲಾರಿ ನಡೆಸುವವನು ಶಿಷ್ಯ ಸಂಗಯ್ಯ.

ಆ ಜನರೇಟರೋ, ಹಟ ಹಿಡಿದ ಕೋಣದ ಹಾಗೆ. ಕದಲುವುದಿಲ್ಲ. ಅದರ ಕಬ್ಬಿಣದ ಬಳೆಗಳಲ್ಲಿ ಎರಡು ಬೊಂಬು ತೂರಿಸಿ ನಾಲ್ಕು ಮಂದಿ ಹೆಗಲು ಕೊಡಬೇಕು. ಅಜ್ಜಾರದು ಒಂದೇ ಕಟ್ಟಳೆ. ಒಂದು ಹೆಗಲು ಮಠದ್ದು, ಉಳಿದ ಮೂರು ಆ ಓಣಿಯವರದು.

ಸಂಗಯ್ಯನಿಗೆ ಬೇಸರ ಬರುತ್ತಿದ್ದದ್ದೇ ಇಲ್ಲಿ. ಅಜ್ಜಾರು ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವರು. ಒಬ್ಬ ಉಣ್ಣುತ್ತಿರುವನು, ಇನ್ನೊಬ್ಬ ಆಗ ತಾನೇ ಮಲಗಿರುವನು. ಅವರೆಲ್ಲ ಎದ್ದು ಬರುವ ತನಕ ಇವನು ಲಾರಿಗೆ ಒರಗಿ ಹಲ್ಲು ಕಡಿಯುವನು.

ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ ಆಸೆ. ಹೊಳೆಯ ಆಚೆ ದಂಡೆಗೆ ಒಂದು ಶಾಖಾಮಠ ದೀಪ ಹಚ್ಚುವವರಿಲ್ಲದೆ ಬಿದ್ದಿತ್ತು. ಅದನ್ನು ನಡೆಸಲು ತನ್ನನ್ನು ಕಳಿಸಬೇಕು. ಕೇಳಿದಾಗಲೆಲ್ಲ ಅಜ್ಜಾರು, "ನೋಡೂಣು ತಮ್ಮಾ" ಅನ್ನುವರು.

ಒಮ್ಮೆ ಅಜ್ಜಾರಿಗೆ ಜ್ವರ. ಅದೇ ಹೊತ್ತಿಗೆ ಕೆಂಚನಾಳದ ಮೇಲಿನ ಓಣಿಯಿಂದ ಕರೆ ಬಂತು. ಕರೆಂಟಿಲ್ಲ, ಬೋರು ನಿಂತಿದೆ, ಕುಡಿಯಲು ನೀರಿಲ್ಲ.

"ನೀ ಒಬ್ಬನ ಹೋಗಿ ಬಾ," ಅಂದರು ಅಜ್ಜಾರು. "ಬಂದ ಮ್ಯಾಲ ಆಚಿ ಮಠದ ಮಾತು ಆಡೂಣು."

ಸಂಗಯ್ಯನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಎರಡು ಉದ್ದನೆಯ ಹಲಗೆ, ಅಡಿಗೆ ಹಾಕಿ ಉರುಳಿಸಲು ಪೈಪಿನ ತುಂಡು, ಒಂದು ಹಗ್ಗ, ಎಲ್ಲ ಲಾರಿಗೆ ಹಾಕಿಕೊಂಡು ಹೊರಟ. ಊಟದ ಹೊತ್ತಿಗೆ ತಿರುಗಿ ಬಂದೇ ಬಿಟ್ಟ.

"ಇಷ್ಟು ಲಗೂ ಬಂದಿ?"

"ಹಲಗಿ ಹಚ್ಚಿ ಇಳಿಸಿಬಿಟ್ಟೆ ರೀ ಅಜ್ಜಾರ. ಒಬ್ಬರನ್ನೂ ಕರೀಲಿಲ್ಲ. ನೀರು ದಡದಡ ಬೀಳಾಕತ್ತೈತಿ."

"ಛಲೋ ಆತು. ಮಜ್ಜಿಗಿ ಯಾರ ಮನ್ಯಾಗ ಕುಡದಿ?"

"ಯಾರೂ ಕರೀಲಿಲ್ಲ ರೀ."

"ದುಂಡಪ್ಪನ ಮಗಳು ಬಾಣಂತನಕ್ಕ ಬಂದಾಳ. ಕೂಸು ಗಂಡೋ ಹೆಣ್ಣೋ?"

"ಕೇಳಲಿಲ್ಲ ರೀ."

"ದುಂಡಪ್ಪ ಅವನ ತಮ್ಮನ ಕೂಡ ಮಾತಾಡಾಕತ್ತಾನೇನು?"

ದುಂಡಪ್ಪ, ರಾಚಪ್ಪ ಅಣ್ಣತಮ್ಮಂದಿರು. ಎದುರುಬದುರು ಮನೆ. ಹಿತ್ತಲ ಗೋಡೆಯ ಜಗಳಕ್ಕೆ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

"ಇಲ್ರಿ. ಇಬ್ಬರೂ ತಮ್ಮ ತಮ್ಮ ಬಾಗಿಲಾಗ ನಿಂತು ನನ್ನ ನೋಡತಿದ್ರು."

ಅಜ್ಜಾರು ಕಂಬಳಿ ಎಳೆದುಕೊಂಡು ಮಲಗಿದರು. ಆಚೆ ಮಠದ ಮಾತು ಎತ್ತಲಿಲ್ಲ.

ಸಂಜೆ ಹೊತ್ತಿಗೆ ಕೆಂಚನಾಳಕ್ಕೆ ಕರೆಂಟು ಬಂತು. ಜನರೇಟರ್ ತರಬೇಕು. ಅಜ್ಜಾರು ಕಂಬಳಿ ಹೊದ್ದುಕೊಂಡೇ ಎದ್ದು ಬಂದರು. ಲಾರಿಯಿಂದ ಹಲಗೆ, ಪೈಪು, ಹಗ್ಗ ಇಳಿಸಿ ಅಡಿಗೆಮನೆಯ ಗೋಡೆಗೆ ಒರಗಿಸಿದರು.

"ಹಲಗಿ ಇಲ್ಲದ ಏರಿಸೂದು ಹ್ಯಾಂಗ್ರಿ?"

"ನನಗೇನು ಗೊತ್ತು. ನಾ ಜ್ವರದ ಮನುಷ್ಯಾ."

ಓಣಿಗೆ ಹೋದ ಮೇಲೂ ಅಜ್ಜಾರು ಬೋರಿನ ಕಟ್ಟೆಯ ಮೇಲೆ ಕೂತರೇ ಹೊರತು ಯಾರ ಹೆಸರನ್ನೂ ಕರೆಯಲಿಲ್ಲ.

ಸಂಗಯ್ಯ ಬೊಂಬು ತೂರಿಸಿದ. ಎತ್ತಿ ನೋಡಿದ, ನೂಕಿ ನೋಡಿದ. ಕೋಣ ಕದಲಲಿಲ್ಲ.

"ಯಾಕೋ ಸಂಗಯ್ಯಾ," ಕೊಡ ತುಂಬುತ್ತಿದ್ದ ಕಲ್ಲವ್ವ ಕೇಳಿದಳು, "ಮುಂಜಾನೆ ಪೈಲವಾನ ಇದ್ದಿ, ಸಂಜಿಗೆ ಏನಾತು?"

ನಲ್ಲಿಯ ಸುತ್ತ ಇದ್ದ ಹೆಂಗಸರು ನಕ್ಕರು. ಸಂಗಯ್ಯನ ಕಿವಿ ಕೆಂಪಾದವು. ಗುರುವಿನ ಕಡೆ ನೋಡಿದ. ಗುರು ನೀರಿನ ಕಡೆ ನೋಡುತ್ತಿದ್ದರು.

ಕೇಳುವುದೆಂದರೆ ಅವನಿಗೆ ಸಾಯುವಷ್ಟು ಸಂಕಟ. ಇಷ್ಟು ದಿನ ಕರೆದವರು ಅಜ್ಜಾರು, ಇವನಲ್ಲ. ಕಡೆಗೆ ಚಪ್ಪಲಿ ಬಿಟ್ಟು ದುಂಡಪ್ಪನ ಹೊಸ್ತಿಲ ಮುಂದೆ ನಿಂತ.

"ಅಣ್ಣಾರ, ನನ್ನ ಕಡಿಂದ ಆಗವಲ್ದು. ಹೆಗಲು ಕೊಡ್ರಿ."

"ಬಾಯಿ ಬಿಡಾಕ ಇಷ್ಟೊತ್ತು ಬೇಕಾತೇನಪಾ," ಅನ್ನುತ್ತ ದುಂಡಪ್ಪ ರುಮಾಲು ಸುತ್ತಿಕೊಂಡು ಎದ್ದ.

ಎದುರಿನ ಬಾಗಿಲಲ್ಲಿ ಅದೇ ಮಾತು ಕೇಳಲು ಅಷ್ಟು ಕಷ್ಟವಾಗಲಿಲ್ಲ. ರಾಚಪ್ಪ ಅಣ್ಣನತ್ತ ನೋಡದೆ ಬಂದ. ಇನ್ನೊಬ್ಬರು ಬೇಕಲ್ಲ ಎಂದು ಸಂಗಯ್ಯ ಅತ್ತ ಇತ್ತ ನೋಡುವಷ್ಟರಲ್ಲಿ ಕಲ್ಲವ್ವ ಸೆರಗು ಕಟ್ಟಿದಳು. "ನನಗೂ ಹೆಗಲೈತಿ, ಸರಿ ಅತ್ತಾಗ."

ಒಂದು ಬೊಂಬಿಗೆ ಸಂಗಯ್ಯ, ಕಲ್ಲವ್ವ. ಇನ್ನೊಂದಕ್ಕೆ ಮುಂದೆ ದುಂಡಪ್ಪ, ಹಿಂದೆ ರಾಚಪ್ಪ.

ಲಾರಿಗೂ ಅವರಿಗೂ ನಡುವೆ, ಮುಂಜಾನೆ ಹಲಗೆ ಹಾಸಿ ದಾಟಿಸಿದ್ದ ಗಟಾರ. ಹೊತ್ತ ಭಾರ ಅಡ್ಡ ಬಂದು ಹಿಂದಿನವನಿಗೆ ನೆಲ ಕಾಣದು. ದುಂಡಪ್ಪ ದಾಟಿ ನಿಂತುಬಿಟ್ಟ. ಸುಮ್ಮನೆ ನಡೆದರೆ ತಮ್ಮ ಗಟಾರದಲ್ಲಿ ಬೀಳುತ್ತಾನೆ, ಅವನ ಮೇಲೆ ಜನರೇಟರ್ ಬೀಳುತ್ತದೆ.

ಅವನು ಮುಂದೆ ನೋಡುತ್ತಲೇ ಅಂದ,

"ಗಟಾರ ಐತಿ. ಕಾಲು ಎತ್ತಿ ಇಡು."

ಹಿಂದಿನಿಂದ, "ಹೂಂ."

ತುಂಬಿದ ಕೊಡದಿಂದ ನೀರು ಹೊರ ಚೆಲ್ಲುತ್ತಿತ್ತು. ಯಾರೂ ನಲ್ಲಿ ನಿಲ್ಲಿಸಲಿಲ್ಲ.

ಇನ್ನಷ್ಟು ಹೆಜ್ಜೆ ಹೋದ ಮೇಲೆ ರಾಚಪ್ಪ ಅಂದ, "ನಿನ್ನ ಕಡೆ ಭಾರ ಭಾಳ ಬೀಳಾಕತ್ತೈತಿ. ಅದನ್ನ ನನ್ನ ಕಡೆ ಸರಸತೇನಿ, ತಡಿ."

"ಇರಲಿ ಬಿಡು."

"ಇರಲಿ ಅಂದ್ರ ಹ್ಯಾಂಗ. ಮೊದಲ ನೀ ಹೆಗಲು ನೋವಿನಾಂವ."

ಜನರೇಟರ್ ಲಾರಿ ಏರಿತು. ದುಂಡಪ್ಪನ ಮನೆಯಿಂದ ಮಜ್ಜಿಗೆ ಬಂತು. ಎಲ್ಲರೂ ನಿಂತೇ ಕುಡಿದರು. ಲೋಟ ತಿರುಗಿ ಕೊಡುವಾಗ ರಾಚಪ್ಪ ನೆಲ ನೋಡುತ್ತ, "ಕೂಸಿಗೆ ಏನು ಹೆಸರಿಟ್ರಿ?" ಎಂದು ಕೇಳಿದ.

ಸಂಗಯ್ಯ ಲಾರಿಯನ್ನು ಮಠದ ದಾರಿಗೆ ತಿರುಗಿಸಿದ. ಹೊಳೆ ಕಾಣತೊಡಗಿದ ಮೇಲೆ, "ಹೆಣ್ಣುಕೂಸಂತ್ರಿ ಅಜ್ಜಾರ," ಅಂದ.

"ಹೌದೇನು."

"ಆಚಿ ಮಠದ ಮಾತು ಇನ್ನ ನಾ ಎತ್ತೂದಿಲ್ರಿ."

"ಯಾಕ? ನಾಳೆ ಆಚಿ ಮಠಕ್ಕ ಹೊಂಡು. ಈ ಜನರೇಟರ್ ಕೂಡ ತಗೊಂಡು ಹೋಗು. ಹಲಗಿ ಇಲ್ಲೇ ಇರಲಿ, ಕುಂದ್ರಾಕ ಬರತಾವು."

ಸಂಗಯ್ಯ ಲಾರಿ ನಿಲ್ಲಿಸಿಬಿಟ್ಟ.

"ಇದನ್ನ ಕೊಟ್ಟು ಈ ದಂಡಿ ಊರಿನವರಿಗೆ ಏನು ಮಾಡತೀರಿ ಅಜ್ಜಾರ?"

"ನಿನ್ನ ಬಾಗಿಲಿಗೆ ಬಂದು ಕೇಳತೇನಿ. ನನಗ ಕೇಳಿ ರೂಢಿ ಐತಿ."